ಮರಿ ಮಾಡಿಸಬಹುದು, ದಾರಿ ಕಲಿಸುವವರು ಯಾರು?

ಶಿರಸಿ ತಾಲೂಕಿನ ಸೋಂದಾ ಸಮೀಪದ ಮುಂಡಿಗೆಕೆರೆಗೆ ಮೇ ತಿಂಗಳ ಕೊನೆಯ ಹೊತ್ತಿಗೆ ಬೆಳ್ಳಕ್ಕಿಗಳು ಬರತೊಡಗುತ್ತವೆ. ಕೆರೆಯೊಳಗೆ ಬೆಳೆದ ಮುಂಡಿಗೆಯ ಮುಳ್ಳುಪೊದೆಗಳ ಮೇಲೆ ಗೂಡು ಕಟ್ಟಿ, ಮಳೆಗಾಲವಿಡೀ ಮರಿ ಸಾಕಿ, ಮಳೆ ಹಿಂದೆಗೆದ ಮೇಲೆ ಮರಿಗಳನ್ನು ಕಟ್ಟಿಕೊಂಡು ಹೊರಡುತ್ತವೆ. ಯಲ್ಲಾಪುರಕ್ಕೆ ಹತ್ತಿರದ ಮುಂಡಗೋಡ ತಾಲೂಕಿನಲ್ಲಿ ಅತ್ತಿವೇರಿ ಪಕ್ಷಿಧಾಮವಿದೆ. ಅಲ್ಲಿಯೂ ಹಕ್ಕಿಗಳು ಋತು ನೋಡಿಕೊಂಡು ಬಂದು ಹೋಗುತ್ತವೆ. ಹೀಗೆ ತಾನಾಗಿ ಬರುತ್ತಿದ್ದ ಹಕ್ಕಿ ಒಂದು ವರ್ಷ ಬಾರದೇ ಹೋದರೆ, ಅದನ್ನು ಮತ್ತೆ ಬರಮಾಡಿಕೊಳ್ಳಲು ಏನೆಲ್ಲ ಮಾಡಬೇಕಾದೀತು? ಕ್ರೌಂಚಗಳ ವಿಷಯದಲ್ಲಿ ಮನುಷ್ಯ ಆ ಪ್ರಯತ್ನ ಮಾಡಿದ್ದಾನೆ.

ಕ್ರೌಂಚ ನಮ್ಮ ಬೆಳ್ಳಕ್ಕಿಯ ಬಳಗದ್ದಲ್ಲ. ಬೆಳ್ಳಕ್ಕಿ ಹಾರುವಾಗ ಕುತ್ತಿಗೆ ಮಡಚಿಕೊಳ್ಳುತ್ತದೆ, ಕ್ರೌಂಚ ಉದ್ದಕ್ಕೆ ಚಾಚುತ್ತದೆ. ವಲಸೆ ಹೋಗುವ ಕ್ರೌಂಚಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಜೌಗಿನಲ್ಲಿ, ಬಯಲಿನಲ್ಲಿ, ನೆಲದ ಮಟ್ಟದಲ್ಲೇ ಅವುಗಳ ಸಂಸಾರ. ಹಾಗಾಗಿ ಮಲೆನಾಡಿನ ಕಾಡು ಅವಕ್ಕೆ ಒಗ್ಗದು. ಕರ್ನಾಟಕದಲ್ಲಿ ಕ್ರೌಂಚ ನೋಡಬೇಕೆಂದರೆ ಚಳಿಗಾಲದಲ್ಲಿ ಬೀದರ್ ಜಿಲ್ಲೆಯ ಕಾರಂಜಾ ಹಿನ್ನೀರಿಗೆ ಹೋಗಬೇಕು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬೂದುಬಣ್ಣದ ಡೆಮೊಸೆಲ್ ಕ್ರೌಂಚಗಳು ಅಲ್ಲಿಗೆ ಬರುತ್ತವೆ.

ಭಾರತ ಕಳೆದುಕೊಂಡದ್ದು ಸೈಬೀರಿಯನ್ ಕ್ರೌಂಚವನ್ನು. ಹಾಲಿನಂಥ ಬಿಳಿ ಮೈ, ಕೆಂಪು ಮುಖ, ರೆಕ್ಕೆಯ ತುದಿ ಮಾತ್ರ ಕಪ್ಪು. ಪಶ್ಚಿಮ ಸೈಬೀರಿಯಾದ ಓಬ್ ನದಿಯ ಬಯಲಿನಿಂದ ಹೊರಟು, ಕಜಾಕಸ್ತಾನ, ಅಫ್ಘಾನಿಸ್ತಾನ ದಾಟಿ ರಾಜಸ್ಥಾನದ ಭರತ್‌ಪುರಕ್ಕೆ ಬರುತ್ತಿದ್ದ ಗುಂಪು ಅದು. 1964-65ರ ಚಳಿಗಾಲದಲ್ಲಿ ಅಲ್ಲಿ ಸುಮಾರು 200 ಹಕ್ಕಿಗಳಿದ್ದವು. ದಾರಿಯುದ್ದಕ್ಕೂ ಬೇಟೆ, ಬತ್ತಿದ ಜೌಗು. ಸಂಖ್ಯೆ ಇಳಿಯುತ್ತಲೇ ಹೋಯಿತು. 2001-02ರ ಚಳಿಗಾಲದಲ್ಲಿ ಬಂದ ಒಂದು ಜೋಡಿಯೇ ಕೊನೆ. ಇರಾನಿಗೆ ಹೋಗುತ್ತಿದ್ದ ಇನ್ನೊಂದು ಗುಂಪಿನಲ್ಲಿ 2007ರ ನಂತರ ಉಳಿದದ್ದು ಒಂದೇ ಗಂಡು. ಅದಕ್ಕೆ ಅಲ್ಲಿಯವರು ಓಮಿದ್, ಅಂದರೆ ಭರವಸೆ, ಎಂದು ಹೆಸರಿಟ್ಟರು. ವರ್ಷವರ್ಷವೂ ಅದು ಒಂಟಿಯಾಗಿ ಬಂದು ಒಂಟಿಯಾಗಿ ಹೋಗುತ್ತಿತ್ತು. ಇಂದು ಈ ಜಾತಿ ಗಟ್ಟಿಯಾಗಿ ಉಳಿದಿರುವುದು ಚೀನಾದ ಪೊಯಾಂಗ್ ಸರೋವರಕ್ಕೆ ಹೋಗುವ ಪೂರ್ವದ ಗುಂಪಿನಲ್ಲಿ ಮಾತ್ರ.

ಹಾಗೆಂದು ಸೈಬೀರಿಯನ್ ಕ್ರೌಂಚದ ಮರಿ ಮಾಡಿಸಲು ಬರುವುದಿಲ್ಲವೆಂದಲ್ಲ. ಅಮೆರಿಕದಲ್ಲಿ 1973ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕ್ರೌಂಚ ಪ್ರತಿಷ್ಠಾನದಲ್ಲಿ, ರಷ್ಯಾದ ಓಕಾ ಅಭಯಾರಣ್ಯದಲ್ಲಿ ಮೊಟ್ಟೆಗಳು ಒಡೆದಿವೆ, ಮರಿಗಳು ಬೆಳೆದಿವೆ. ತೊಡಕು ಇರುವುದು ಆಮೇಲೆ. ಚಳಿಗಾಲ ಬಂದಾಗ ಅವು ಎತ್ತ ಹಾರಬೇಕು?

ಎಲ್ಲ ಹಕ್ಕಿಗೂ ಈ ತೊಂದರೆ ಇಲ್ಲ. ಮುಂಗಾರಿನ ಜೊತೆಗೆ ಆಫ್ರಿಕಾದಿಂದ ಉತ್ತರ ಭಾರತಕ್ಕೆ ಬರುವ ಚಾತಕವನ್ನೇ ನೋಡಿ. ಅದರ ಮರಿಯನ್ನು ಸಾಕುವುದು ಹರಟೆಮಲ್ಲ ಹಕ್ಕಿ. ಹರಟೆಮಲ್ಲ ಊರು ಬಿಟ್ಟು ಹೋಗುವುದಿಲ್ಲ. ಹೆತ್ತವರ ಜೊತೆ ಬೆಳೆಯದ ಚಾತಕದ ಮರಿ ಮಾತ್ರ ಕಾಲ ಬಂದಾಗ ಕಡಲು ದಾಟುತ್ತದೆ. ದಿಕ್ಕು ಅದರ ಹುಟ್ಟಿನಲ್ಲೇ ಇದೆ. ಕ್ರೌಂಚದ ಮರಿಗೆ ಹೊರಡಬೇಕೆಂಬ ತುಡಿತ ಹುಟ್ಟಿನಿಂದ ಬರುತ್ತದೆ, ದಾರಿ ಬರುವುದಿಲ್ಲ. ಮೊದಲ ವರ್ಷ ಅಪ್ಪ-ಅಮ್ಮನ ಬೆನ್ನಿಗೆ ಹಾರಿ ಅದು ದಾರಿ ಕಲಿಯಬೇಕು. ಘಟ್ಟದ ಕಾಲುದಾರಿ ಹಿರಿಯರ ಹಿಂದೆ ನಡೆದವನಿಗೆ ಮಾತ್ರ ಗೊತ್ತಾಗುವಂತೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟದ್ದು ಉತ್ತರ ಅಮೆರಿಕದ ವೂಪಿಂಗ್ ಕ್ರೌಂಚ. ಐದಡಿ ಎತ್ತರದ ಈ ಹಕ್ಕಿ 1941ರ ಹೊತ್ತಿಗೆ ಕಾಡಿನಲ್ಲಿ ಇಪ್ಪತ್ತು ಚಿಲ್ಲರೆ ಉಳಿದಿತ್ತು. ಎರಡು ಮೊಟ್ಟೆ ಇಟ್ಟರೂ ಸಾಮಾನ್ಯವಾಗಿ ಒಂದೇ ಮರಿ ಬದುಕುತ್ತದೆ. ಆದ್ದರಿಂದ 1967ರಿಂದ ವಿಜ್ಞಾನಿಗಳು ಗೂಡಿನ ಒಂದು ಮೊಟ್ಟೆಯನ್ನು ತೆಗೆದು ಮರಿ ಮಾಡಿಸತೊಡಗಿದರು. 1975ರಲ್ಲಿ ಇಡಾಹೋ ರಾಜ್ಯದಲ್ಲಿ ಮೊಟ್ಟೆಗಳನ್ನು ಸ್ಯಾಂಡ್‌ಹಿಲ್ ಕ್ರೌಂಚಗಳ ಗೂಡಿಗೆ ಇಟ್ಟು ನೋಡಿದರು. ಸಾಕುತಂದೆತಾಯಿ ಮರಿಗಳನ್ನು ಚೆನ್ನಾಗಿಯೇ ಬೆಳೆಸಿದವು, ವಲಸೆಯ ದಾರಿಯನ್ನೂ ಕಲಿಸಿದವು. ಆದರೆ ಬೆಳೆದ ಹಕ್ಕಿಗಳು ತಮ್ಮ ಜಾತಿಯೊಂದಿಗೆ ಜೋಡಿಯಾಗಲಿಲ್ಲ. ತಾವು ಸ್ಯಾಂಡ್‌ಹಿಲ್ ಬಳಗದವೆಂದೇ ಅವು ಬೆಳೆದುಬಿಟ್ಟಿದ್ದವು. 1989ರಲ್ಲಿ ಆ ಕೆಲಸ ನಿಂತಿತು.

ಮುಂದಿನ ಪ್ರಯತ್ನ 2001ರಲ್ಲಿ, ವಿಸ್ಕಾನ್ಸಿನ್‌ನ ನೆಸೀಡಾದಲ್ಲಿ. ಮೊಟ್ಟೆಯೊಳಗಿರುವಾಗಲೇ ಮರಿಗಳಿಗೆ ಪುಟ್ಟ ವಿಮಾನದ ಎಂಜಿನ್ ಸದ್ದು ಕೇಳಿಸಿದರು. ಸಾಕುವವರು ಅಡಿಯಿಂದ ಮುಡಿಯವರೆಗೆ ಬಿಳಿ ನಿಲುವಂಗಿ ತೊಟ್ಟು, ಕೈಗೆ ಕ್ರೌಂಚದ ತಲೆಯ ಗೊಂಬೆ ಸಿಕ್ಕಿಸಿಕೊಂಡು ತುತ್ತು ತಿನ್ನಿಸಿದರು. ಮರಿಗಳ ಎದುರು ಯಾರೂ ಮಾತಾಡುವಂತಿರಲಿಲ್ಲ. ಮನುಷ್ಯನ ಮುಖ, ದನಿ ಹಚ್ಚಿಕೊಂಡ ಹಕ್ಕಿ ಕಾಡಿನಲ್ಲಿ ಬಾಳದು. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಅಲ್ಟ್ರಾಲೈಟ್ ವಿಮಾನ ಮುಂದೆ, ಹಕ್ಕಿಗಳು ಹಿಂದೆ. ಫ್ಲಾರಿಡಾವರೆಗೆ ಸುಮಾರು 1,950 ಕಿ.ಮೀ. ಹಾರಾಟ. ಮರುವರ್ಷ ವಸಂತದಲ್ಲಿ ಬದುಕುಳಿದ ಐದು ಹಕ್ಕಿಗಳು ಯಾವ ವಿಮಾನದ ನೆರವೂ ಇಲ್ಲದೆ ವಿಸ್ಕಾನ್ಸಿನ್‌ಗೆ ಮರಳಿದವು. ಒಮ್ಮೆ ಹೋದ ದಾರಿಯನ್ನು ಅವು ಮರೆತಿರಲಿಲ್ಲ.

ಈ ಗುಂಪಿನ ಎಂಟು ವರ್ಷಗಳ ಪಯಣದ ಲೆಕ್ಕ ಹಿಡಿದು ಥಾಮಸ್ ಮ್ಯುಲ್ಲರ್ ಮತ್ತು ಸಂಗಡಿಗರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದರು. ಹಿರಿಯ ಹಕ್ಕಿಗಳ ಜೊತೆಯಿಲ್ಲದೆ ಹಾರಿದ ಒಂದು ವರ್ಷದ ಹಕ್ಕಿಗಳು ನೇರ ದಾರಿಯಿಂದ ಸರಾಸರಿ 97 ಕಿ.ಮೀ. ಸರಿದಿದ್ದವು. ಹಿರಿಯರ ಜೊತೆ ಹಾರಿದವು ಸರಿದದ್ದು 64 ಕಿ.ಮೀ.ಗಿಂತ ಕಡಿಮೆ. ಗುಂಪಿನ ಅತಿ ಹಿರಿಯ ಹಕ್ಕಿಯ ವಯಸ್ಸು ಹೆಚ್ಚಿದಂತೆಲ್ಲ ಇಡೀ ಗುಂಪಿನ ದಾರಿ ನೇರವಾಗುತ್ತಿತ್ತು. ಗುಂಪು ಎಷ್ಟು ದೊಡ್ಡದು ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಬೇಟೆಗಾರನೊಬ್ಬ ಎಂಟು ವರ್ಷದ ಒಂದು ಹಕ್ಕಿಯನ್ನು ಹೊಡೆದರೆ ಅದರ ಹಿಂದೆ ಹಾರುವ ಎಳೆಯ ಹಕ್ಕಿಗಳ ದಾರಿಯೂ ತಪ್ಪುತ್ತದೆ. ಬರೀ ತಲೆ ಎಣಿಸುವ ಸಂರಕ್ಷಣೆಗೆ ಈ ನಷ್ಟ ಕಾಣುವುದೇ ಇಲ್ಲ.

ಇಷ್ಟು ಜಾಣತನದ ಕೆಲಸವೂ ಪೂರ್ತಿ ಕೈಗೂಡಲಿಲ್ಲ. ನೆಸೀಡಾದಲ್ಲಿ ಕಚ್ಚುವ ಕರಿನೊಣಗಳ ಕಾಟಕ್ಕೆ ಕಾವು ಕೂತ ಹಕ್ಕಿಗಳು ಗೂಡು ಬಿಟ್ಟೆದ್ದವು. ಮರಿಗಳನ್ನು ಹಕ್ಕಿಗಳೇ ಸಾಕಬೇಕೆಂಬ ಮಾತು ಬಲವಾಗಿ, 2016ರಲ್ಲಿ ವಿಮಾನದ ಪಯಣಕ್ಕೆ ತೆರೆ ಬಿತ್ತು. ಇಷ್ಟು ವರ್ಷಗಳ ನಂತರವೂ ಆ ಗುಂಪಿನಲ್ಲಿ ಇಂದು ನೂರು ಹಕ್ಕಿಗಳಿಲ್ಲ. ಅದೇ ಕೆನಡಾದಿಂದ ಟೆಕ್ಸಾಸ್‌ಗೆ ತಾನಾಗಿ ಹೋಗಿ ಬರುವ ಹಳೆಯ ಗುಂಪಿಗೆ ಯಾರೂ ದಾರಿ ಕಲಿಸಲಿಲ್ಲ. ಬೇಟೆ ನಿಲ್ಲಿಸಿದರು, ಎರಡೂ ತುದಿಯ ಜೌಗು ಕಾದರು. ಹದಿನೈದೋ ಹದಿನಾರೋ ಇದ್ದ ಹಕ್ಕಿಗಳು ಇಂದು ಐನೂರು ದಾಟಿವೆ.

ದೂರದ ವಲಸೆ ಇಲ್ಲದ ಕಡೆ ಕೆಲಸ ಸಲೀಸು. ಥಾಯ್ಲೆಂಡಿನ ಬುರಿರಾಮ್ ಪ್ರಾಂತದಲ್ಲಿ 2011ರಿಂದ ಸಾಕಿ ಬಿಟ್ಟ ಸಾರಸ ಕ್ರೌಂಚಗಳು ಈಗ ರೈತರ ಭತ್ತದ ಗದ್ದೆಗಳಲ್ಲೇ ಮರಿ ಮಾಡುತ್ತಿವೆ. ರೈತರು ಒಪ್ಪದಿದ್ದರೆ ಇದು ಆಗುತ್ತಿರಲಿಲ್ಲ.

ಈ ಎಲ್ಲ ಅನುಭವ ನೋಡಿದರೆ ನನಗನ್ನಿಸುವುದು ಇಷ್ಟು: ಕಳೆದುಹೋದ ದಾರಿಯನ್ನು ಮತ್ತೆ ಕಲಿಸುವ ಖರ್ಚಿನ ಎದುರು, ಇರುವ ಕೆರೆಯನ್ನು ಕಾಯುವ ಖರ್ಚು ಏನೇನೂ ಅಲ್ಲ. ಸೋಂದಾದ ಜನ ಕೆರೆಯನ್ನು ಕಾಯ್ದುಕೊಂಡು ಬಂದಿದ್ದಾರೆ. ಉಳಿದ ಊರಿನವರಲ್ಲಿ ಒಂದು ಕೋರಿಕೆ. ಕೆರೆ ಹೂಳೆತ್ತಿಸುವಾಗ ನಡುವಿನ ಮುಂಡಿಗೆ ಹಿಂಡುಗಳನ್ನು ಜೆಸಿಬಿಯಿಂದ ಬೋಳಿಸಬೇಡಿ. ಕೆಲಸವನ್ನು ಹಕ್ಕಿ ಬರುವ ಮುಂಚೆ, ಏಪ್ರಿಲ್ ಒಳಗೆ ಮುಗಿಸಿ. ಕಾಲಿಗೆ ಉಂಗುರ ತೊಡಿಸಿದ ಹಕ್ಕಿ ಕಂಡರೆ ಉಂಗುರದ ಬಣ್ಣ, ಅಕ್ಷರ, ಸಂಖ್ಯೆ ಬರೆದುಕೊಂಡು ಅರಣ್ಯ ಇಲಾಖೆಗೋ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೋ ತಿಳಿಸಿ.