ಅಂಗೈಯಗಲದ ಗಣಕಯಂತ್ರ

ಚಿತ್ರದುರ್ಗದಿಂದ ಈಶಾನ್ಯ ದಿಕ್ಕಿಗೆ ಹೊರಟ ಪ್ರಯಾಣಿಕನಿಗೆ ಮೊದಲು ಚಳ್ಳಕೆರೆ ಸಿಗುತ್ತದೆ. ಅದನ್ನು ದಾಟಿ ಮುಂದುವರಿದರೆ ಮೊಳಕಾಲ್ಮೂರು. ಎರಡೂ ಮಳೆಯ ಮೋರೆಯನ್ನು ಅಪರೂಪಕ್ಕೆ ಕಾಣುವ ಸೀಮೆಗಳು. ಒಂದು ಊರು ಶೇಂಗಾ ಬೆಳೆಗೂ ಎಣ್ಣೆಯ ಗಿರಣಿಗಳಿಗೂ ಹೆಸರಾದದ್ದು. ಇನ್ನೊಂದು ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ತನ್ನ ರೇಷ್ಮೆ ಸೀರೆಗಳಿಗೆ. ಈ ನಾಡಿನ ಒಕ್ಕಲಿಗನಿಗೂ ನೇಕಾರನಿಗೂ ಯಾರೂ ಕಲಿಸಬೇಕಾಗಿಲ್ಲದ ಗಾದೆಯೊಂದಿದೆ: ಹಾಸಿಗೆ ಇದ್ದಷ್ಟು ಕಾಲು ಚಾಚು.

ಗಣಕಯಂತ್ರಗಳ ಲೋಕ ಮಾತ್ರ ಈ ಗಾದೆಯನ್ನು ಬಹುಕಾಲದಿಂದ ಮರೆತಿದೆ. ಮಗನಿಗೋ ಮಗಳಿಗೋ ಒಂದು ಗಣಕಯಂತ್ರ ಬೇಕೆಂಬ ಮಾತು ಮನೆಯಲ್ಲಿ ಎದ್ದೊಡನೆ ಯಜಮಾನನು ಲೆಕ್ಕದ ಪುಸ್ತಕ ತೆರೆಯುತ್ತಾನೆ. ಅಂಗಡಿಯವನು ತೋರಿಸುವ ಯಂತ್ರವೋ ವರ್ಷದಿಂದ ವರ್ಷಕ್ಕೆ ಹೆಚ್ಚು ಆಹಾರ ಬೇಡುವ ಪ್ರಾಣಿಯಂತೆ. ವಿಂಡೋಸ್ ೧೧ ಎಂಬ ಕಾರ್ಯವ್ಯವಸ್ಥೆ ನಡೆಯಬೇಕಾದರೆ ಕನಿಷ್ಠ ನಾಲ್ಕು ಗಿಗಾಬೈಟ್ ನೆನಪೂ ಅರವತ್ತನಾಲ್ಕು ಗಿಗಾಬೈಟ್ ಉಗ್ರಾಣವೂ ಇರಬೇಕೆಂದು ಅದನ್ನು ತಯಾರಿಸಿದವರೇ ವಿಧಿಸಿದ್ದಾರೆ. ಮಗು ಅದರಲ್ಲಿ ಬರೆಯುವುದು ಎರಡು ಪುಟದ ಪ್ರಬಂಧವಾದರೂ ಸರಿ, ಈ ಕಪ್ಪವನ್ನು ಒಪ್ಪಿಸಿಯೇ ತೀರಬೇಕು!

ಇದಕ್ಕೆ ಬೇರೊಂದು ದಾರಿಯಿಲ್ಲವೆ? ಇದೆ. ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲೊಂದನ್ನು ನೆಟ್ಟವರು ಕನ್ನಡ ನಾಡಿನಲ್ಲಿಯೇ ಇದ್ದವರೆಂಬುದು ಹೆಮ್ಮೆಯ ಸಂಗತಿ.

ಬೆಂಗಳೂರಿನಲ್ಲಿ ಹುಟ್ಟಿದ ಕನಸು

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಸುಮಾರು ೧,೫೦೦ ಎಕರೆಗಳ ಈ ಬಯಲಿನಲ್ಲಿ ಶಾಲೆಗಳ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿ ಕೊಡುವ ಕೇಂದ್ರವೂ ಉಂಟು. ಇದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ ಅಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎಂಬ ನಾಲ್ವರು, ಎನ್ಕೋರ್ ಎಂಬ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ, ಕಳೆದ ಶತಮಾನದ ಕೊನೆಯಲ್ಲಿ ಒಂದು ಕನಸು ಕಂಡರು. ಓದು ಬಾರದವನೂ ಬಳಸಬಲ್ಲ, ಬಡವನಿಗೂ ಎಟುಕಬಲ್ಲ, ನಮ್ಮ ಭಾಷೆಗಳಲ್ಲಿ ಮಾತನಾಡಬಲ್ಲ ಅಂಗೈಯಗಲದ ಗಣಕಯಂತ್ರವೊಂದನ್ನು ಮಾಡಬೇಕೆಂಬುದೇ ಆ ಕನಸು. ಅದಕ್ಕೆ ಅವರಿಟ್ಟ ಹೆಸರು ಸಿಂಪ್ಯೂಟರ್.

೨೦೦೧ರಲ್ಲಿ ಅದು ಲೋಕಕ್ಕೆ ಕಾಣಿಸಿತು. ೨೦೦೪ರಲ್ಲಿ 'ಅಮಿಡ' ಎಂಬ ಹೆಸರಿನಲ್ಲಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸಹಯೋಗದೊಡನೆ, ಮಾರುಕಟ್ಟೆಗೂ ಬಂದಿತು. ಅದರೊಳಗೆ ಕುಳಿತು ಕೆಲಸ ನಡೆಸುತ್ತಿದ್ದುದು ಲಿನಕ್ಸ್. ಬರಹವನ್ನು ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನು ಅದಕ್ಕಾಗಿಯೇ ರಚಿಸಲಾಯಿತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಂಡು, ತಂತಮ್ಮ ಮಾಹಿತಿಯನ್ನು ತಂತಮ್ಮ ಚೀಟಿಯಂಥ ಕಾರ್ಡಿನಲ್ಲಿ ಇಟ್ಟುಕೊಳ್ಳಲೆಂಬ ಏರ್ಪಾಡೂ ಇತ್ತು.

ಆದರೆ ಕನಸು ನಿರೀಕ್ಷಿಸಿದಷ್ಟು ಫಲಿಸಲಿಲ್ಲ. ಮಾರಾಟ ಅಲ್ಪವಾಯಿತು, ಅಷ್ಟರಲ್ಲಿ ಅಗ್ಗದ ಮೊಬೈಲ್ ದೂರವಾಣಿ ಮನೆಮನೆಗೆ ನುಗ್ಗಿತು. ಸಿಂಪ್ಯೂಟರ್ ಮರೆಗೆ ಸರಿಯಿತು. ಅದರ ಹಿಂದಿದ್ದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು: ಅತಿ ಕಡಿಮೆ ಸಾಮಗ್ರಿಯಲ್ಲಿ, ನಮ್ಮ ನುಡಿಯಲ್ಲಿ, ನಮ್ಮ ಕೆಲಸಕ್ಕೆ ಸಾಕಾಗುವ ಯಂತ್ರ ಯಾವುದು?

ಒಂದೇ ಹಲಗೆಯ ಯಂತ್ರ

೨೦೧೨ನೆಯ ಇಸವಿಯ ಫೆಬ್ರವರಿ ೨೯ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಈ ಪ್ರಶ್ನೆಗೆ ಹೊಸದೊಂದು ಉತ್ತರ ಬಂದಿತು. ಎಬೆನ್ ಅಪ್ಟನ್ ಮತ್ತು ಸಂಗಡಿಗರು ಹೊರತಂದ 'ರಾಸ್ಪ್‌ಬೆರಿ ಪೈ' ಒಂದೇ ಹಲಗೆಯ ಮೇಲೆ ಪೂರ್ಣ ಗಣಕಯಂತ್ರವನ್ನು ಅಡಗಿಸಿತ್ತು. ಮೂವತ್ತೈದು ಡಾಲರಿನ ಆ ಹಲಗೆಯ ಅಳತೆ ಬ್ಯಾಂಕಿನ ಕಾರ್ಡಿನಷ್ಟು. ಮಕ್ಕಳು ಗಣಕಯಂತ್ರವನ್ನು ಬರಿದೆ ಬಳಸುವುದನ್ನು ಬಿಟ್ಟು, ಅದನ್ನು ಆಳುವುದನ್ನು ಕಲಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. ೨೦೨೧ರಲ್ಲಿ ಬಂದ 'ಝೀರೋ ೨ ಡಬ್ಲ್ಯು' ಎಂಬ ತಮ್ಮನಂತೂ ಇನ್ನೂ ಚಿಕ್ಕವನು: ಉದ್ದ ೬೫ ಮಿಲಿಮೀಟರು, ಅಗಲ ೩೦, ನೆನಪು ಅರ್ಧ ಗಿಗಾಬೈಟು. ಮೊಳಕಾಲ್ಮೂರಿನ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಯ ಸನಿಹಕ್ಕೂ ಇದರ ಬೆಲೆ ಬಾರದು.

ಇಂಥ ಹಲಗೆಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಪೆಟ್ಟಿಗೆಯೂ ಇಲ್ಲ. ಮನೆಯ ದೂರದರ್ಶನವೇ ಪರದೆ. ಮೂಲೆ ಸೇರಿದ ಹಳೆಯ ಕೀಲಿಮಣೆಯೇ ಸಾಕು. ಉಗುರಿನಷ್ಟು ದೊಡ್ಡ ನೆನಪಿನ ಕಾರ್ಡೇ ಉಗ್ರಾಣ. ವಿದ್ಯುತ್ತಿನ ಖರ್ಚು ಒಂದು ಎಲ್‌ಇಡಿ ದೀಪಕ್ಕಿಂತಲೂ ಕಡಿಮೆ. ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ ಚಿಕ್ಕದೊಂದು ಸೌರಫಲಕವೂ ಬ್ಯಾಟರಿಯೂ ಇದನ್ನು ಸಲಹಬಲ್ಲವು.

ಹಾಸು ಮತ್ತು ಹೊಕ್ಕು

ಯಂತ್ರ ಚಿಕ್ಕದಾದ ಮೇಲೆ ಅದರೊಳಗಿನ ಕಾರ್ಯವ್ಯವಸ್ಥೆಯೂ ಹಗುರವಾಗಬೇಕಷ್ಟೆ. ಇಲ್ಲಿ ನೆರವಿಗೆ ಬರುವುದು ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಅದನ್ನು ಬರೆದು ಲೋಕದ ಮುಂದಿಟ್ಟನು. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು.

ನೇಕಾರರ ಮಾತಿನಲ್ಲಿ ಹೇಳುವುದಾದರೆ ಲಿನಕ್ಸ್ ಮಗ್ಗಕ್ಕೆ ಏರಿಸಿದ ಹಾಸು. ಹಾಸಿನಿಂದಲೇ ಸೀರೆಯಾಗದು, ಹೊಕ್ಕು ಬೇಕು, ಅಂಚು ಬೇಕು, ಸೆರಗು ಬೇಕು. ಬರೆಯುವ, ಓದುವ, ಚಿತ್ರ ತೋರಿಸುವ, ಜಾಲಕ್ಕೆ ಸಂಪರ್ಕಿಸುವ ಸಾಧನಗಳನ್ನೆಲ್ಲ ಆರಿಸಿ ಅದಕ್ಕೆ ಹೊಂದಿಸಿ ಕೊಟ್ಟರೆ ಅದು 'ಡಿಸ್ಟ್ರಿಬ್ಯೂಷನ್' ಅಥವಾ ವಿತರಣೆ ಎನಿಸುತ್ತದೆ. ಒಂದೇ ಹಾಸಿನ ಮೇಲೆ ಮದುವೆಯ ಭಾರದ ಸೀರೆಯನ್ನೂ ನೇಯಬಹುದು, ದಿನಬಳಕೆಯ ಹಗುರವಾದುದನ್ನೂ ನೇಯಬಹುದು.

ಹಗುರವಾದ ವಿತರಣೆಗಳಲ್ಲಿಯೂ ತರತಮಗಳುಂಟು. ರಾಸ್ಪ್‌ಬೆರಿ ಪೈನವರೇ ಕೊಡುವ 'ಲೈಟ್' ರೂಪದಲ್ಲಿ ಕಿಟಕಿಗಳ ಅಲಂಕಾರವಿಲ್ಲ. ಬೇಕಾದುದನ್ನು ಬೇಕಾದಾಗ ಡೆಬಿಯನ್ ಎಂಬ ದೊಡ್ಡ ಉಗ್ರಾಣದಿಂದ ತಂದುಕೊಳ್ಳಬಹುದು. 'ಡಯಟ್‌ಪೈ' ಹೆಸರಿಗೆ ತಕ್ಕಂತೆ ಪಥ್ಯದಲ್ಲಿರುವುದು. 'ಆಲ್ಪೈನ್' ಅದಕ್ಕಿಂತಲೂ ಕೃಶ. 'ಟೈನಿ ಕೋರ್' ಎಂಬುದಂತೂ ಇಪ್ಪತ್ತು ಮೆಗಾಬೈಟುಗಳ ಆಸುಪಾಸಿನಲ್ಲಿ ತನ್ನ ಸಂಸಾರವನ್ನು ಮುಗಿಸಿಬಿಡುತ್ತದೆ. ಮೊಬೈಲಿನಲ್ಲಿ ತೆಗೆದ ಏಳೆಂಟು ಛಾಯಾಚಿತ್ರಗಳು ತಿನ್ನುವ ಜಾಗವಷ್ಟೆ ಅದು!

ಈ ಕೊನೆಯದಕ್ಕೆ ಇನ್ನೊಂದು ಗುಣವಿದೆ. ಯಂತ್ರವನ್ನು ಹಚ್ಚಿದ ಕೂಡಲೆ ಅದು ಕಾರ್ಡಿನಿಂದ ತನ್ನನ್ನು ತಾನು ನೆನಪಿಗೆ ಏರಿಸಿಕೊಂಡು, ಅಲ್ಲಿಂದಲೇ ಕೆಲಸ ನಡೆಸುತ್ತದೆ. ಸಾಮಾನ್ಯವಾದ ವ್ಯವಸ್ಥೆಗಳು ಕಾರ್ಡಿನ ಮೇಲೆ ಸದಾ ಏನನ್ನಾದರೂ ಬರೆಯುತ್ತಿರುತ್ತವೆ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಬರಹ ಕೆಡುತ್ತದೆ, ಮರುದಿನ ಯಂತ್ರ ಏಳುವುದೇ ಇಲ್ಲ. ಟೈನಿ ಕೋರ್‌ಗೆ ಈ ಭಯ ಬಹುಮಟ್ಟಿಗೆ ಇಲ್ಲ. ಆದರೆ ಇದಕ್ಕೂ ಒಂದು ಬೆಲೆಯುಂಟು: 'ಉಳಿಸು' ಎಂದು ಹೇಳದೆ ಅದು ಏನನ್ನೂ ಉಳಿಸದು. ಹೇಳಲು ಮರೆತವನ ಸಂಜೆಯ ದುಡಿಮೆ ದೀಪದೊಡನೆಯೇ ಆರಿಹೋಗುತ್ತದೆ.

ಬಿಡುವಾಗ ಏನನ್ನು ಬಿಡಬಾರದು?

ಹೀಗೆ ಒಂದೊಂದನ್ನೇ ಕಳೆಯುತ್ತ ಹೋಗುವುದರಲ್ಲಿ ಒಂದು ಸಂತೋಷವಿದೆ. ಆದರೆ ಅಪಾಯವೂ ಅಲ್ಲಿಯೇ ಅಡಗಿದೆ. ಎಲ್ಲವನ್ನೂ ಕಳೆದು ಯಂತ್ರವನ್ನು ಹಚ್ಚಿದವನ ಮುಂದೆ ಕಪ್ಪು ಪರದೆಯೂ ಬಿಳಿಯ ಇಂಗ್ಲಿಷ್ ಅಕ್ಷರಗಳೂ ಮೂಡುತ್ತವೆ. ಅಲ್ಲಿ 'ಚಳ್ಳಕೆರೆ' ಎಂದು ಬರೆಸಲು ಯತ್ನಿಸಿದರೆ ಊರಿನ ಹೆಸರು ಬಾರದು. ಬರಿಯ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಸಾಲುಗಟ್ಟುತ್ತವೆ. ಕಳೆದವುಗಳ ಜೊತೆಗೆ ಕನ್ನಡವೂ ಹೊರಗೆ ಹೋಗಿದೆ!

ಇದಕ್ಕೆ ಕಾರಣ ದ್ವೇಷವಲ್ಲ, ಲಿಪಿಯ ಸ್ವಭಾವ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತು. ಆ ಪಟ್ಟಿಯಂತೆ ಯಂತ್ರವು 'ಚಳ್ಳಕೆರೆ'ಯನ್ನು ಎಂಟು ಸಂಕೇತಗಳಾಗಿ ನೆನಪಿಡುತ್ತದೆ; ಕಣ್ಣಿಗೆ ಕಾಣಬೇಕಾದುದು ನಾಲ್ಕು ಅಕ್ಷರ. 'ಮೊಳಕಾಲ್ಮೂರು' ಹನ್ನೊಂದು ಸಂಕೇತ, ಕಾಣಬೇಕಾದುದು ಐದು. ಒಂದು ಳಕಾರವನ್ನು ಇನ್ನೊಂದರ ಕೆಳಗೆ ಒತ್ತಾಗಿ ಇಳಿಸಬೇಕು. ಲಕಾರದ ಕೆಳಗೆ ಮಕಾರವನ್ನು ಕೂರಿಸಿ, ದೀರ್ಘವನ್ನು ತಕ್ಕ ಜಾಗದಲ್ಲಿ ಜೋಡಿಸಬೇಕು. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಮಾಡುತ್ತಿದ್ದ ಈ ಕೆಲಸಕ್ಕೆ ಗಣಕಯಂತ್ರದಲ್ಲಿ 'ಹಾರ್ಫ್‌ಬಜ್' ಮೊದಲಾದ ತಂತ್ರಾಂಶಗಳಿವೆ. ಲಿನಕ್ಸಿನ ಬರಿಯ ಅಕ್ಷರಪರದೆಗೆ ಹೆಚ್ಚೆಂದರೆ ೫೧೨ ಅಚ್ಚುಗಳಷ್ಟೇ ಗೊತ್ತು. ಒತ್ತು ಜೋಡಿಸುವ ಕಲೆ ಅದಕ್ಕೆ ತಿಳಿಯದು. ತೀರ ಹಗುರವಾದ ಕಿಟಕಿಯ ಸಾಧನಗಳಲ್ಲಿಯೂ ಕೆಲವಕ್ಕೆ ಈ ಕಲೆ ಬಾರದು.

ಪರಿಹಾರವೇನೋ ಕಠಿಣವಲ್ಲ. ಲೈಟ್ ರೂಪದ ಮೇಲೆ ಚಿಕ್ಕದೊಂದು ಕಿಟಕಿವ್ಯವಸ್ಥೆಯನ್ನು ಏರಿಸಿ, ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಅಚ್ಚುಗಳಲ್ಲಿ ಒಂದನ್ನು ಡೆಬಿಯನ್ ಉಗ್ರಾಣದಿಂದ ತಂದುಕೊಂಡರೆ ಅಕ್ಷರಗಳು ಮೂಡುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ 'ಕಗಪ' ಕೀಲಿಮಣೆ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ, ಆರಿಸಿಕೊಂಡರಾಯಿತು. ಇಡೀ ಅಚ್ಚಿನ ಭಾರ ಒಂದು ಛಾಯಾಚಿತ್ರದ ಭಾರಕ್ಕಿಂತ ಕಡಿಮೆ. ಇಷ್ಟು ಹಗುರವಾದುದನ್ನು ಭಾರವೆಂದು ಬಿಸಾಡುವುದು, ಬುತ್ತಿಯ ಗಂಟು ಹಗುರವಾಗಲೆಂದು ಉಪ್ಪನ್ನು ಬಿಟ್ಟು ಹೊರಟಂತೆ!

ಇತಿಮಿತಿಗಳನ್ನೂ ಹೇಳಬೇಕು. ಅರ್ಧ ಗಿಗಾಬೈಟಿನ ಯಂತ್ರದಲ್ಲಿ ಇಂದಿನ ಅಂತರಜಾಲದ ಪುಟಗಳು ಎತ್ತಿನ ಗಾಡಿಯಂತೆ ಸಾಗುತ್ತವೆ. ಅದಕ್ಕಾಗಿಯೇ ಬೇಕೆಂದವರು ಹೆಚ್ಚು ನೆನಪಿನ ಹಲಗೆಯನ್ನೇ ಕೊಳ್ಳಬೇಕು. ಅಗ್ಗದ ಕಾರ್ಡು ಬೇಗ ಸವೆಯುತ್ತದೆ. ಮುಖ್ಯವಾದ ಬರಹಗಳಿಗೆ ಇನ್ನೊಂದು ಪ್ರತಿ ಇರಬೇಕು. ಆದರೆ ಪತ್ರ ಬರೆಯಲು, ಮನೆಯ ಲೆಕ್ಕವಿಡಲು, ಮಕ್ಕಳಿಗೆ ಯಂತ್ರಭಾಷೆಯ ಮೊದಲ ಪಾಠ ಹೇಳಲು ಇದು ಧಾರಾಳವಾಯಿತು. 'ಕಿವಿಕ್ಸ್' ಎಂಬ ಸಾಧನದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳ ಕನ್ನಡ ವಿಕಿಪೀಡಿಯವನ್ನು ಕಾರ್ಡಿನಲ್ಲಿಯೇ ತುಂಬಿಕೊಂಡರೆ, ಜಾಲದ ಸಂಪರ್ಕವಿಲ್ಲದ ಶಾಲೆಯಲ್ಲಿಯೂ ಒಂದು ಗ್ರಂಥಭಂಡಾರ ಬಾಗಿಲು ತೆರೆಯುತ್ತದೆ.

ಬಂಡೆಯ ಪಾಠ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಒಂದೇ ಸಂದೇಶದ ಮೂರು ಪ್ರತಿಗಳು, ಹತ್ತಿರ ಹತ್ತಿರದ ಮೂರು ಸ್ಥಳಗಳಲ್ಲಿ! ಚಪಡನೆಂಬ ಲಿಪಿಕಾರ ಬ್ರಾಹ್ಮೀ ಲಿಪಿಯಲ್ಲಿ ಶಾಸನವನ್ನು ಬರೆದು, ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇದು ಸಾಮ್ರಾಜ್ಯದ ಅತಿ ಹೊಸ ವಿದ್ಯೆ ಈ ಸೀಮೆಗೆ ಬಂದ ಬಗೆ. ಆದರೆ ಬಂಡೆಯ ಭಾಷೆ ಪ್ರಾಕೃತ. ಈ ಮಣ್ಣಿನ ಮಾತು ಅದರಲ್ಲಿ ಮೂಡಿರಲಿಲ್ಲ.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ಹೊಸದೊಂದು ಬರಹದ ವಿದ್ಯೆ ಅದೇ ಬಯಲಿಗೆ ಬಂದಿದೆ. ಈ ಸಲ ಅದರ ಬಂಡೆ ಅಂಗೈಯ ಮೇಲೆ ಕುಳಿತುಕೊಳ್ಳುತ್ತದೆ. ಅದರ ಉಳಿ ಯಾರ ಕೈಗೂ ಎಟುಕುತ್ತದೆ. ಮನೆಗೆ ಇಂಥ ಯಂತ್ರವನ್ನು ತಂದ ತಂದೆತಾಯಿ ಅದರ ವೇಗವನ್ನೂ ನೆನಪನ್ನೂ ಅಳೆಯುವ ಮೊದಲು, ಮಗುವಿನ ಕೈಯಿಂದ ಅದರಲ್ಲಿ ತಮ್ಮ ಊರಿನ ಹೆಸರನ್ನು ಬರೆಸಲಿ. ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕುಳಿತರೆ, ಆ ಯಂತ್ರ ಎಷ್ಟೇ ಚಿಕ್ಕದಾಗಿರಲಿ, ಮನೆಗೆ ಸಾಕಷ್ಟು ದೊಡ್ಡದು.