ಸೈಕಲ್ ಸೀಟು ಎಷ್ಟು ಎತ್ತರ ಇರಬೇಕು?

ಈ ಸಲದ ಪ್ರಶ್ನೆ ಮ್ಯೂನಿಕ್‌ನಿಂದ ಬಂದಿದೆ. ಕೇಳುಗರೊಬ್ಬರು ದಿನಾ ಆಫೀಸಿಗೆ ಸೈಕಲ್‌ನಲ್ಲೇ ಹೋಗ್ತಾರೆ. ಎರಡು ತಿಂಗಳಿಂದ ಮಂಡಿಯ ಮುಂಭಾಗದಲ್ಲಿ ನೋವು. "ವಯಸ್ಸಾಯ್ತು ಅನ್ಸುತ್ತೆ, ಸೈಕಲ್ ಮಾರಿಬಿಡ್ಲಾ?" ಅಂತ ಕೇಳಿದ್ದಾರೆ. ಜೊತೆಗೆ ಒಂದು ಸಾಲು: "ಕೂತಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟುತ್ತೆ, ಸೀಟು ಸರಿಯಾಗೇ ಇದೆ."

ನನಗೆ ಅನುಮಾನ ಬಂದದ್ದು ಆ ಸಾಲಿನ ಮೇಲೇ. ನಮ್ಮಲ್ಲಿ ಎಷ್ಟೋ ಜನ ಅಪ್ಪನ 22 ಇಂಚಿನ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತವರು. ಕಾಲು ನೆಲಕ್ಕೆ ಎಟುಕಲಿ ಅನ್ನೋ ಆಸೆ ಆಗಿನಿಂದಲೇ ಉಳಿದಿರಬೇಕು! ಆದರೆ ಮಂಡಿಗೆ ಬೇಕಾದ ಲೆಕ್ಕ ನೆಲದ್ದಲ್ಲ, ಪೆಡಲ್‌ನದ್ದು. ಸೀಟು ತಗ್ಗಾಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚುತ್ತೆ. ಅಷ್ಟು ಮಡಚಿದ ಸ್ಥಿತಿಯಲ್ಲಿ ಬಲ ಹಾಕಿ ತುಳಿದರೆ ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಹೆಚ್ಚು ಒತ್ತುತ್ತದೆ. ನಿಮಿಷಕ್ಕೆ 70 ಸುತ್ತು ಅಂದ್ರೆ, ಅರ್ಧ ಗಂಟೆಗೆ ಒಂದೊಂದು ಮಂಡಿಗೂ 2,100 ಸಲ.

ಹಾಗಾದ್ರೆ ಎಷ್ಟು ಎತ್ತರ? 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಕೊಟ್ಟ ಲೆಕ್ಕ ಇದು: ತೊಡೆಸಂದಿನಿಂದ ನೆಲದವರೆಗಿನ ಉದ್ದದ 109 ಪ್ರತಿಶತ. ಇದನ್ನು ಕೆಳಗಿಳಿದ ಪೆಡಲ್‌ನಿಂದ ಸೀಟಿನ ಮೇಲ್ಭಾಗದವರೆಗೆ ಅಳೆಯಬೇಕು. ಟೂರ್ ದ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಸೂತ್ರ ಬೇರೆ: ಅದೇ ಉದ್ದವನ್ನು 0.883ರಿಂದ ಗುಣಿಸಿ, ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಅಳೆಯಿರಿ. ಕಾಲು 80 ಸೆಂ.ಮೀ., ಕ್ರ್ಯಾಂಕ್ 17 ಸೆಂ.ಮೀ. ಅಂದುಕೊಳ್ಳಿ. ಮೊದಲನೆಯದರಲ್ಲಿ 87.2, ಎರಡನೆಯದರಲ್ಲಿ 70.6ಕ್ಕೆ 17 ಸೇರಿ 87.6. ಬೇರೆ ಬೇರೆ ದಾರಿ, ವ್ಯತ್ಯಾಸ ಅರ್ಧ ಸೆಂಟಿಮೀಟರೂ ಇಲ್ಲ.

ಟೇಪು ಇಲ್ವಾ? ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ತಾನಾಗೇ ಸ್ವಲ್ಪ ಮಡಚುತ್ತೆ. ಆ ಮಡಿಕೆ 25ರಿಂದ 35 ಡಿಗ್ರಿ ಇದ್ದರೆ ಒಳ್ಳೆಯದು. ಸೂತ್ರಕ್ಕಿಂತ ನಾನು ಈ ಕೋನವನ್ನೇ ಹೆಚ್ಚು ನಂಬ್ತೀನಿ, ಯಾಕಂದ್ರೆ ಒಂದೇ ಉದ್ದದ ಕಾಲಿದ್ದರೂ ತೊಡೆ, ಪಾದದ ಅಳತೆ ಒಂದೇ ಇರಲ್ಲ. ಹಾಗಂತ ತೀರಾ ಏರಿಸಬೇಡಿ. ಸೊಂಟ ಅತ್ತಿತ್ತ ತೂಗಿದರೆ, ಮಂಡಿಯ ಹಿಂಭಾಗ ಎಳೆದರೆ, ಎತ್ತರ ಹೆಚ್ಚಾಯ್ತು ಅಂತ.

ಇನ್ನು ಹಿಂದೆ-ಮುಂದೆ. ಕ್ರ್ಯಾಂಕ್ ಅಡ್ಡಕ್ಕಿದ್ದಾಗ ಮಂಡಿಯಿಂದ ಇಳಿಬಿಟ್ಟ ತೂಗುದಾರ ಪೆಡಲ್‌ನ ಅಚ್ಚಿನ ಮೇಲೇ ಬರಬೇಕು ಅಂತ ಅಂಗಡಿಗಳಲ್ಲಿ ಹೇಳ್ತಾರೆ. ಸೈಕಲ್ ವಿನ್ಯಾಸಕಾರ ಕೀತ್ ಬಾಂಟ್ರೇಗರ್ ಇದನ್ನು ಮಿಥ್ಯೆ ಅಂತಲೇ ಕರೆದರು. ಒರಗಿ ಕೂತು ತುಳಿಯುವ ಸೈಕಲ್‌ನಲ್ಲಿ ಈ ನಿಯಮಕ್ಕೆ ಅರ್ಥವೇ ಇರಲ್ಲವಲ್ಲ! ಶುರುವಿಗೆ ಸಾಕು, ಶಾಸ್ತ್ರ ಅಲ್ಲ. ಸೀಟು ಮಟ್ಟಸವಾಗಿರಲಿ: ಮೂತಿ ಕೆಳಗಾದರೆ ಭಾರ ಅಂಗೈಗೆ ಬೀಳುತ್ತೆ, ಮೇಲಾದರೆ ತೊಡೆಸಂದು ಜೋಮು ಹಿಡಿಯುತ್ತೆ.

ಮ್ಯೂನಿಕ್‌ನವರಿಗೆ: ಕಂಬಕ್ಕೆ ಟೇಪು ಅಂಟಿಸಿ ಹಳೇ ಎತ್ತರ ಗುರುತಿಟ್ಟುಕೊಳ್ಳಿ. ಒಂದು ಸಲಕ್ಕೆ 5 ಮಿಲಿಮೀಟರ್ ಏರಿಸಿ, ಎರಡು ಮೂರು ದಿನ ಓಡಿಸಿ ನೋಡಿ. ಸಿಗ್ನಲ್‌ನಲ್ಲಿ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲಿ, ಕೂತೇ ಕಾಲೂರಬೇಡಿ. ಸೀಟಿನ ಕಂಬದ ಮೇಲೆ ಕೊರೆದಿರುವ ಗರಿಷ್ಠ ಎತ್ತರದ ಗೆರೆ ಹೊರಗೆ ಕಾಣಿಸಬಾರದು, ಕಂಬ ಮುರಿದೀತು. ಇಷ್ಟಾದರೂ ನೋವು ಹೋಗಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಸೈಕಲ್ ಮಾರೋ ಮಾತು ಆಮೇಲೆ.