ಹಂಚಿಕೆದಾರನೂ ಅವನೇ

1997ರಲ್ಲಿ ಅಮೆರಿಕದ ಅಂಗಡಿಗಳಿಗೆ ‘ಐಮ್ ಬೌಟ್ ಇಟ್’ ಎಂಬ ಸಿನಿಮಾ ಬಂತು. ಚಿತ್ರಮಂದಿರದ ಮುಖ ನೋಡದೆ, ನೇರವಾಗಿ ವಿಡಿಯೊ ಕ್ಯಾಸೆಟ್ಟಾಗಿ. ನ್ಯೂ ಆರ್ಲಿಯನ್ಸ್‌ನ ಕ್ಯಾಲಿಯೋಪ್ ಎಂಬ ಬಡವರ ವಸತಿಯಲ್ಲಿ ಬೆಳೆದ ರ‍್ಯಾಪರ್ ಮಾಸ್ಟರ್ ಪಿ, ತಾನು ಕಂಡ ಬೀದಿಯನ್ನೇ ಕಥೆ ಮಾಡಿದ್ದ. ಆತನ ಸೋದರ ಕೆವಿನ್ 1990ರಲ್ಲಿ ಅದೇ ಊರಿನಲ್ಲಿ ಕೊಲೆಯಾಗಿದ್ದ. ಛಾಯಾಗ್ರಹಣ ಒರಟು, ನಟನೆ ಇನ್ನೂ ಒರಟು. ಕೊಳ್ಳುವವರು ಆ ಒರಟುತನವನ್ನು ಲೆಕ್ಕಕ್ಕೇ ಇಡಲಿಲ್ಲ.

ರ‍್ಯಾಪರ್‌ಗಳಿಗೆ ತೆರೆ ಹೊಸದಾಗಿರಲಿಲ್ಲ. 1991ರ ‘ಬಾಯ್ಸ್ ಎನ್ ದ ಹುಡ್’ನಲ್ಲಿ ಐಸ್ ಕ್ಯೂಬ್ ನಟಿಸಿದ್ದ, ಆದರೆ ದುಡ್ಡು ಕೊಲಂಬಿಯಾ ಕಂಪನಿಯದು. ಮಾಸ್ಟರ್ ಪಿ ಹಾಗಲ್ಲ. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಮೊದಲು ಆತ ಇಟ್ಟಿದ್ದು ಹಾಡಿನ ಅಂಗಡಿ. ‘ನೋ ಲಿಮಿಟ್’ ಕಂಪನಿ ಹುಟ್ಟಿದ್ದು ಅಲ್ಲೇ. ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಹಾಡು ಮಾರಿದವನಿಗೆ ಗಿರಾಕಿ ಯಾವ ಬೀದಿಯಲ್ಲಿದ್ದಾನೆಂದು ಗೊತ್ತಿತ್ತು. 1996ರಲ್ಲಿ ಪ್ರಯಾರಿಟಿ ರೆಕಾರ್ಡ್ಸ್ ಜತೆ ಒಪ್ಪಂದವಾದಾಗಲೂ ಹಾಡುಗಳ ಒಡೆತನ ಬಿಟ್ಟುಕೊಡಲಿಲ್ಲ. ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ನಿರ್ಮಾಪಕ, ನಾಯಕ, ಹಂಚಿಕೆದಾರ ಎಲ್ಲವೂ ಅವನೇ.

ಉಳಿದವರು ಹಿಂದೆಯೇ ಬಂದರು. 1998ರಲ್ಲಿ ಜೇ ಝಡ್ ತನ್ನ ಹಾಡಿನ ವಿಡಿಯೊಗಳನ್ನೇ ಪೋಣಿಸಿ ‘ಸ್ಟ್ರೀಟ್ಸ್ ಈಸ್ ವಾಚಿಂಗ್’ ಹೊರತಂದ. 2006ರ ‘ಕಿಲ್ಲಾ ಸೀಸನ್’ಗೆ ಕ್ಯಾಮ್ರನ್‌ನದೇ ಕಥೆ, ನಿರ್ದೇಶನ, ನಟನೆ.

ಕ್ಯಾಸೆಟ್ ಅಂಗಡಿಗಳು ಬಾಗಿಲು ಹಾಕಿದ ಮೇಲೆ ದಾರಿ ಬದಲಾಯಿತು. ಲಂಡನ್ನಿನ ರ‍್ಯಾಪ್‌ಮ್ಯಾನ್ 2018ರಲ್ಲಿ ‘ಶಿರೋಸ್ ಸ್ಟೋರಿ’ಯ ಮೂರು ಕಂತುಗಳನ್ನು ಯೂಟ್ಯೂಬಿಗೆ ಹಾಕಿದ, ಮರುವರ್ಷವೇ ಆತನ ‘ಬ್ಲೂ ಸ್ಟೋರಿ’ ಚಿತ್ರಮಂದಿರಕ್ಕೆ ಬಂತು.

ಯೂಟ್ಯೂಬ್ ನಮ್ಮಲ್ಲೂ ಇದೆ. ಮೈಸೂರಿನ ದಟ್ಟಗಳ್ಳಿಯ ಹುಡುಗನೊಬ್ಬ ರಿಂಗ್ ರಸ್ತೆಯ ಬದಿ ತೆಗೆದ ರ‍್ಯಾಪ್ ವಿಡಿಯೊವನ್ನು ಯಾರ ಅಪ್ಪಣೆಯೂ ಇಲ್ಲದೆ ಲೋಕಕ್ಕೆ ತೋರಿಸಬಹುದು. ಎರಡು ಗಂಟೆಯ ಕಥೆಗೆ ಕಾಸು ಬಿಚ್ಚುವ ಗಿರಾಕಿ ಮಾತ್ರ ಅಲ್ಲಿ ತಾನಾಗಿ ಸಿಗುವುದಿಲ್ಲ. ಬಹುಶಃ ಅದಕ್ಕೇ ಕನ್ನಡದ ರ‍್ಯಾಪ್ ನಾಲ್ಕು ನಿಮಿಷದ ವಿಡಿಯೊದಲ್ಲೇ ಬೀದಿಯ ಮಾತು ಮುಗಿಸುತ್ತದೆ.

ಬೀದಿಯ ದೊಡ್ಡ ಕಥೆಗಳು ಇಲ್ಲಿ ಮೊದಲಿನಿಂದಲೂ ಸಿನಿಮಾದವರ ಕೈಯಲ್ಲೇ ಇವೆ: 1995ರಲ್ಲಿ ಉಪೇಂದ್ರ ‘ಓಂ’ ಮಾಡಿದರು, 2021ರಲ್ಲಿ ದುನಿಯಾ ವಿಜಯ್ ‘ಸಲಗ’ವನ್ನು ತಾವೇ ನಿರ್ದೇಶಿಸಿದರು. ‘3 ಪೆಗ್’ ಹಾಡಿನಿಂದ ಮನೆಮಾತಾಗಿ, 2018ರಲ್ಲಿ ‘ಬಿಗ್ ಬಾಸ್’ ಗೆದ್ದ ರ‍್ಯಾಪರ್ ಚಂದನ್ ಶೆಟ್ಟಿಯೂ 2024ರಲ್ಲಿ ತೆರೆಗೆ ಬಂದದ್ದು ಅರುಣ್ ಅಮುಕ್ತ ನಿರ್ದೇಶನದ ‘ವಿದ್ಯಾರ್ಥಿ ವಿದ್ಯಾರ್ಥಿನಿಯರೇ’ ಚಿತ್ರದಲ್ಲಿ, ನಟರಾಗಿ.